ಗೋಧಿಯ ಗುಟ್ಟನ್ನು ಬಿಡಿಸಿದ ಮಕ್ಕಳ ವೈದ್ಯ
ಡಾ. ವಿಲ್ಲೆಮ್ ಕಾರೆಲ್ ಡಿಕೆಯವರ ಜೀವನ ಮತ್ತು ಸಾಧನೆ

ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಊರಿಗೆಲ್ಲ ಪುಷ್ಟಿ ಕೊಡುವ ಒಂದು ಧಾನ್ಯ ಕೆಲವು ಮಕ್ಕಳ ಪಾಲಿಗೆ ವಿಷವಾಗಬಹುದೆಂಬ ಸಂಗತಿ ಲೋಕಕ್ಕೆ ಖಚಿತವಾಗಿ ತಿಳಿದು ಇನ್ನೂ ನೂರು ವರ್ಷ ತುಂಬಿಲ್ಲ. ಆ ಧಾನ್ಯ ಗೋಧಿ. ಆ ರೋಗ ಸೀಲಿಯಾಕ್. ಇವೆರಡರ ನಂಟನ್ನು ಕಂಡುಹಿಡಿದು, ಸಾವಿನ ದವಡೆಯಲ್ಲಿದ್ದ ಮಕ್ಕಳನ್ನು ಬರಿಯ ಪಥ್ಯದಿಂದ ಬದುಕಿಸಿ ತೋರಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ಡಾ. ವಿಲ್ಲೆಮ್ ಕಾರೆಲ್ ಡಿಕೆ. ವೈದ್ಯಲೋಕದಲ್ಲಿ ಅವರದು ದೊಡ್ಡ ಹೆಸರು. ಆದರೆ ಅವರಿಂದ ಉಪಕಾರ ಪಡೆದ ಮನೆಗಳಲ್ಲಿಯೂ ಆ ಹೆಸರನ್ನು ಕೇಳಿದವರು ವಿರಳ. ಅವರ ಜೀವನವನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಹಳೆಯ ರೋಗ, ತಿಳಿಯದ ಕಾರಣ

ಡಿಕೆಯವರ ಕೆಲಸದ ಬೆಲೆ ತಿಳಿಯಬೇಕಾದರೆ ಅವರಿಗಿಂತ ಹಿಂದಿನ ಸ್ಥಿತಿಯನ್ನು ನಾವು ಮೊದಲು ನೋಡಬೇಕು. ಸೀಲಿಯಾಕ್ ರೋಗ ಹೊಸದಲ್ಲ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಅರೆಟಿಯಸ್ ಎಂಬ ಗ್ರೀಕ್ ವೈದ್ಯನು ತಿಂದ ಅನ್ನ ಜೀರ್ಣವಾಗದೆ ಹೊರಬಿದ್ದು ರೋಗಿ ಸೊರಗುವ ಒಂದು ಬೇನೆಯನ್ನು ವರ್ಣಿಸಿದ್ದಾನೆ. ಹೊಟ್ಟೆಯನ್ನು ಸೂಚಿಸುವ ಗ್ರೀಕ್ ಶಬ್ದದಿಂದಲೇ ರೋಗಕ್ಕೆ ಈ ಹೆಸರು ಬಂದಿದೆ.

1888ರಲ್ಲಿ ಲಂಡನ್ನಿನ ಡಾ. ಸ್ಯಾಮ್ಯುಯಲ್ ಗೀ ಇದರ ಲಕ್ಷಣಗಳನ್ನು ಆಧುನಿಕ ರೀತಿಯಲ್ಲಿ ಬರೆದು ಪ್ರಕಟಿಸಿದರು. ಒಂದರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಮಗು ಚೆನ್ನಾಗಿ ಬೆಳೆಯುತ್ತಿರುವಾಗಲೇ ಭೇದಿ ಶುರುವಾಗುತ್ತದೆ. ಮಲ ಬಿಳಿಚಿಕೊಂಡು, ಜಿಡ್ಡಾಗಿ, ದುರ್ವಾಸನೆಯಿಂದ ಕೂಡಿರುತ್ತದೆ. ಕೈಕಾಲು ಕಡ್ಡಿಯಂತಾಗಿ ಹೊಟ್ಟೆ ಮಾತ್ರ ಉಬ್ಬಿಕೊಳ್ಳುತ್ತದೆ. ಇದಕ್ಕೆ ಉಪಾಯವೇನಾದರೂ ಇದ್ದರೆ ಅದು ಆಹಾರದಲ್ಲಿಯೇ ಇರಬೇಕೆಂದು ಗೀ ಸರಿಯಾಗಿಯೇ ಊಹಿಸಿದ್ದರು. ಹಾಲೆಂಡಿನ ಚಿಪ್ಪುಮೀನನ್ನು ದಿನವೂ ತಿಂದು ಚೇತರಿಸಿಕೊಂಡ ಒಂದು ಮಗು, ಚಿಪ್ಪುಮೀನಿನ ಕಾಲ ಮುಗಿದೊಡನೆ ಮತ್ತೆ ಕೃಶವಾದುದನ್ನೂ ಅವರು ಬರೆದಿಟ್ಟರು. ಆದರೆ ತೆಳ್ಳಗೆ ಕೊಯ್ದು ಎರಡೂ ಬದಿ ಸುಟ್ಟ ಬ್ರೆಡ್ಡನ್ನು ಮಕ್ಕಳಿಗೆ ಕೊಡಬಹುದೆಂದೂ ಅವರೇ ಹೇಳಿದ್ದರು. ಕಳ್ಳನನ್ನು ಮನೆಯೊಳಗೇ ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

1924ರಲ್ಲಿ ನ್ಯೂಯಾರ್ಕಿನ ಡಾ. ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದರು. ಅನೇಕ ಮಕ್ಕಳು ಅದರಿಂದ ಗುಣ ಹೊಂದಿದರು. ಬಾಳೆಹಣ್ಣಿನಲ್ಲಿ ಏನೋ ವಿಶೇಷ ಗುಣವಿದೆಯೆಂದು ಎಲ್ಲರೂ ನಂಬಿದರು. ಆ ಪಥ್ಯದಲ್ಲಿ ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ ಹಾಗೂ ಧಾನ್ಯಗಳಿಗೆ ಎಡೆಯಿರಲಿಲ್ಲ. ಗುಣವಾದುದು ಕೊಟ್ಟ ಹಣ್ಣಿನಿಂದಲ್ಲ, ಬಿಟ್ಟ ಬ್ರೆಡ್ಡಿನಿಂದ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ವಿದ್ಯಾಭ್ಯಾಸ ಮತ್ತು ವೃತ್ತಿ

ವಿಲ್ಲೆಮ್ ಕಾರೆಲ್ ಡಿಕೆ 1905ರಲ್ಲಿ ಹಾಲೆಂಡಿನ ಡೋರ್ಡ್ರೆಕ್ಟ್ ಎಂಬ ಊರಿನಲ್ಲಿ ಜನಿಸಿದರು. ಲೈಡನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಓದಿದ ತರುವಾಯ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿ ಶಿಶುವೈದ್ಯದ ತರಬೇತಿ ಪಡೆದರು. 1936ರಲ್ಲಿ, ತಮ್ಮ 31ನೆಯ ವಯಸ್ಸಿಗೇ, ಅದೇ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯಾದರು.

ಆ ಕಾಲದ ಮಕ್ಕಳ ಆಸ್ಪತ್ರೆಗಳಲ್ಲಿ ಸೀಲಿಯಾಕ್ ಮಕ್ಕಳು ತಿಂಗಳುಗಟ್ಟಲೆ ಮಲಗಿರುತ್ತಿದ್ದರು. ಕೊಬ್ಬು ಕಡಮೆ ಮಾಡಿ ನೋಡುವವರು ಕೆಲವರು, ಪಿಷ್ಟ ಕಡಮೆ ಮಾಡಿ ನೋಡುವವರು ಕೆಲವರು. ಮಗು ಸ್ವಲ್ಪ ಚೇತರಿಸಿಕೊಂಡಿತೆಂದು ತಂದೆತಾಯಿ ಸಂತೋಷದಿಂದ ಮನೆಗೆ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಎಲ್ಲರಂತೆ ಬ್ರೆಡ್ಡು ತಿಂದ ಮಗು ಮರಳಿ ಅದೇ ಹಾಸಿಗೆಗೆ ಬರುತ್ತಿತ್ತು. ಬದುಕಿ ಉಳಿಯದ ಮಕ್ಕಳ ಸಂಖ್ಯೆಯೂ ಸಣ್ಣದಾಗಿರಲಿಲ್ಲ.

ತಾಯಿಯ ಮಾತಿಗೆ ಕಿವಿಗೊಟ್ಟ ವೈದ್ಯ

ಡಿಕೆಯವರಿಗೆ ಗೋಧಿಯ ಮೇಲೆ ಸಂದೇಹ ಹುಟ್ಟಿದುದು 1930ರ ದಶಕದಲ್ಲಿ. ತನ್ನ ರೋಗಿ ಮಗುವಿಗೆ ಬ್ರೆಡ್ಡು ಕೊಡುವುದನ್ನು ನಿಲ್ಲಿಸಿದಾಗ ಮೈಮೇಲಿನ ಗಂದೆ ಬೇಗ ಮಾಯುವುದನ್ನು ಗಮನಿಸಿದ್ದ ಒಬ್ಬ ತಾಯಿ ಅದನ್ನು ಅವರಿಗೆ ತಿಳಿಸಿದಳೆಂದು ಹೇಳುತ್ತಾರೆ. ಓದಿದ ವೈದ್ಯರು ಇಂಥ ಮಾತನ್ನು ಮನೆಯ ಹೆಂಗಸರ ಹರಟೆಯೆಂದು ತಳ್ಳಿಬಿಡುವುದುಂಟು. ಡಿಕೆ ತಳ್ಳಲಿಲ್ಲ, ಹಾಗೆಂದು ಕೇಳಿದೊಡನೆ ನಂಬಲೂ ಇಲ್ಲ. ಪರೀಕ್ಷಿಸಿ ನೋಡಲು ನಿಶ್ಚಯಿಸಿದರು. ಅವರ ಇಡೀ ಜೀವನದ ಸಾರ ಈ ಒಂದು ನಡತೆಯಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಅವರ ಪರೀಕ್ಷೆಯ ಕ್ರಮ ನೋಡಲು ಸರಳ, ಮಾಡಲು ಕಠಿಣ. ಮಗುವನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಹಲವು ವಾರ ಗೋಧಿಯಿಲ್ಲದ ಆಹಾರ ಕೊಡುವುದು; ಬಳಿಕ ಗೋಧಿ ಸೇರಿಸುವುದು; ಪುನಃ ಬಿಡಿಸುವುದು. ಈ ಅವಧಿಯುದ್ದಕ್ಕೂ ತೂಕ, ಎತ್ತರ, ಹಸಿವು, ಮಲದ ಗುಣ ಎಲ್ಲವನ್ನೂ ಬರೆದಿಡುವುದು. ಗೋಧಿ ಬಿಟ್ಟಾಗ ತೂಕದ ಗೆರೆ ಮೇಲಕ್ಕೇರುತ್ತಿತ್ತು, ಕೊಟ್ಟಾಗ ಕೆಳಕ್ಕಿಳಿಯುತ್ತಿತ್ತು. ಕೆಲವು ಮಕ್ಕಳನ್ನು ಅವರು ಹೀಗೆ ವರ್ಷಗಟ್ಟಲೆ ನೋಡಿಕೊಂಡರು.

1941ರಲ್ಲಿ ಡಚ್ ಭಾಷೆಯ ವೈದ್ಯಪತ್ರಿಕೆಯೊಂದರಲ್ಲಿ ಈ ರೋಗಕ್ಕೆ ಸರಳವಾದ ಪಥ್ಯವೊಂದನ್ನು ಅವರು ಸೂಚಿಸಿದರು. ಬ್ರೆಡ್ಡು ಮತ್ತು ರಸ್ಕನ್ನು ದೂರವಿಡಬೇಕೆಂಬುದು ಅದರ ಮುಖ್ಯಾಂಶ. ಆಗ ಹಾಲೆಂಡ್ ಜರ್ಮನರ ವಶದಲ್ಲಿತ್ತು. ಯುದ್ಧದ ಗದ್ದಲದಲ್ಲಿ ಸಣ್ಣ ದೇಶದ ಭಾಷೆಯಲ್ಲಿ ಬಂದ ಲೇಖನ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಸಣ್ಣ ಭಾಷಾಸಮುದಾಯದ ಮಾತು ದೂರ ಕೇಳಿಸಲು ಎಷ್ಟು ಕಾಲ ಬೇಕಾಗುತ್ತದೆಂಬುದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಹಸಿವಿನ ಚಳಿಗಾಲ

1944ರ ಸಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಜರ್ಮನರ ವಿರುದ್ಧ ಮುಷ್ಕರ ಹೂಡಿದರು. ಅದಕ್ಕೆ ಪ್ರತಿಯಾಗಿ ಜರ್ಮನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆಯನ್ನು ತಡೆದರು. ಮುಂದಿನ ಚಳಿಗಾಲವನ್ನು ಡಚ್ಚರು ಹಸಿವಿನ ಚಳಿಗಾಲವೆಂದೇ ಕರೆಯುತ್ತಾರೆ. ಹೇಗ್ ನಗರವೂ ಆ ಬರಗಾಲದ ನಡುವೆ ಸಿಕ್ಕಿಕೊಂಡಿತು. ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತಲೂ ಕೆಳಗಿಳಿಯಿತು. ಜನರು ಸಕ್ಕರೆ ಬೀಟ್‌ಗೆಡ್ಡೆಯನ್ನೂ, ಹೂವಿಗಾಗಿ ಬೆಳೆಸುವ ಟ್ಯುಲಿಪ್ ಗಿಡದ ಗೆಡ್ಡೆಯನ್ನೂ ಬೇಯಿಸಿ ತಿಂದರು. ಸುಮಾರು 20 ಸಾವಿರ ಜನ ಆ ಕಾಲದಲ್ಲಿ ಸತ್ತರೆಂದು ಲೆಕ್ಕ.

ಊರಿನ ಮಕ್ಕಳೆಲ್ಲ ಸೊರಗುತ್ತಿದ್ದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಮಾತ್ರ ಮೊದಲಿಗಿಂತ ಚೆನ್ನಾಗಿದ್ದರೆಂದೂ, ಹೊರಗಿನಿಂದ ನೆರವಿನ ಬ್ರೆಡ್ಡು ಬಂದೊಡನೆ ಅವರಿಗೆ ರೋಗ ಮರುಕಳಿಸಿತೆಂದೂ ಪ್ರಸಿದ್ಧವಾದ ಕಥೆಯೊಂದಿದೆ. ಡಿಕೆ ಗೋಧಿಯ ಗುಟ್ಟನ್ನು ಈ ಬರಗಾಲದಿಂದಲೇ ಕಲಿತರೆಂದು ಅನೇಕರು ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಅವರ ಸಂದೇಹಕ್ಕೆ ಆಗಲೇ ಸುಮಾರು ಹತ್ತು ವರ್ಷವಾಗಿತ್ತು. ಲೇಖನವೂ ಮೂರು ವರ್ಷ ಮೊದಲೇ ಅಚ್ಚಾಗಿತ್ತು. ಬರಗಾಲ ಅವರ ತಿಳಿವಳಿಕೆಯನ್ನು ಗಟ್ಟಿಮಾಡಿತು, ಅಷ್ಟೆ.

ಬ್ರೆಡ್ಡೆಂದರೆ ಪ್ರಾಣವೆನ್ನುವ ದೇಶದಲ್ಲಿ, ಒಂದು ತುಂಡಿಗಾಗಿ ಜನ ಮೈಲಿಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ, ಹಸಿದ ಮಗುವಿಗೆ ಬ್ರೆಡ್ಡು ಬೇಡವೆನ್ನುವುದಕ್ಕೆ ವೈದ್ಯನಿಗೆ ಎಷ್ಟು ಎದೆಗಾರಿಕೆ ಬೇಕಾಗಿದ್ದೀತೆಂದು ಓದುಗರೇ ಊಹಿಸಬಹುದು.

ಅಳತೆಯಿಂದ ಸಿಕ್ಕಿದ ಸಾಕ್ಷ್ಯ

ಯುದ್ಧ ಮುಗಿಯಿತು. ತಾನು ಕಂಡದ್ದು ತನಗೆ ಸತ್ಯವೆನಿಸಿದರೆ ಸಾಲದು, ಇತರರೂ ಅಳೆದು ನೋಡುವಂತಿರಬೇಕೆಂದು ಡಿಕೆ ತಿಳಿದಿದ್ದರು. ಇಲ್ಲಿ ಅವರಿಗೆ ಇಬ್ಬರು ಜೊತೆಗಾರರು ದೊರೆತರು. ಒಬ್ಬರು ಯುಟ್ರೆಕ್ಟ್ ನಗರದ ರಸಾಯನ ವಿಜ್ಞಾನಿ ಯಾನ್ ವಾನ್ ಡ ಕಾಮರ್, ಇನ್ನೊಬ್ಬರು ಮಕ್ಕಳ ವೈದ್ಯ ವೈಯರ್ಸ್. ಮಲದಲ್ಲಿರುವ ಕೊಬ್ಬನ್ನು ಕರಾರುವಾಕ್ಕಾಗಿ ಅಳೆಯುವ ಸುಲಭ ವಿಧಾನವೊಂದನ್ನು ವಾನ್ ಡ ಕಾಮರ್ 1949ರಲ್ಲಿ ಪ್ರಕಟಿಸಿದರು. ಕರುಳು ಕೊಬ್ಬನ್ನು ಹೀರಿಕೊಳ್ಳದಿದ್ದರೆ ಅದು ಮಲದಲ್ಲಿ ಹೊರಬೀಳುತ್ತದೆ. ಆದುದರಿಂದ ಈ ಅಳತೆ ಕರುಳಿನ ಆರೋಗ್ಯಕ್ಕೆ ತಕ್ಕಡಿಯಂತಾಯಿತು.

ಈ ತಕ್ಕಡಿಯಲ್ಲಿ ಒಂದೊಂದೇ ಧಾನ್ಯವನ್ನು ತೂಗಿ ನೋಡಿದರು. ಗೋಧಿ ಕೊಟ್ಟಾಗ ಮಲದ ಕೊಬ್ಬು ಏರಿತು. ಯೂರೋಪಿನಲ್ಲಿ ಬ್ರೆಡ್ಡಿಗೆ ಬಳಸುವ ರೈ ಧಾನ್ಯದಿಂದಲೂ ಏರಿತು. ಅಕ್ಕಿ, ಮೆಕ್ಕೆಜೋಳ, ಆಲೂಗಡ್ಡೆಯಿಂದ ಕೆಡುಕಾಗಲಿಲ್ಲ. ಗೋಧಿಯ ಪಿಷ್ಟವನ್ನು ಬೇರ್ಪಡಿಸಿ ಕೊಟ್ಟರೂ ಕೆಡುಕಾಗಲಿಲ್ಲ. ಹಾಗಾದರೆ ದೋಷವಿದ್ದುದು ಗೋಧಿಯ ಅಂಟಿನಲ್ಲಿ, ಅಂದರೆ ಗ್ಲುಟೆನ್ ಎಂಬ ಪ್ರೋಟೀನಿನಲ್ಲಿ. ಮೈದಾ ಹಿಟ್ಟನ್ನು ನಾದಿ, ನೀರಿನಲ್ಲಿ ಹಿಸುಕಿ ತೊಳೆದರೆ ಹಾಲಿನಂಥ ಪಿಷ್ಟ ನೀರಿನೊಡನೆ ಹೋಗಿ, ಕೈಯಲ್ಲಿ ರಬ್ಬರಿನಂತೆ ಎಳೆಯುವ ಮುದ್ದೆ ಉಳಿಯುತ್ತದೆ. ಮೈದಾದ ಹಾಲಿನಿಂದ ಹಲ್ವ ಮಾಡುವವರು ಬೇಡವೆಂದು ಎಸೆಯುವ ಆ ಮುದ್ದೆಯೇ ಗ್ಲುಟೆನ್.

1950ರಲ್ಲಿ ಡಿಕೆ ತಮ್ಮ ಸಂಶೋಧನೆಯನ್ನು ಪ್ರಬಂಧವಾಗಿ ಯುಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ 45 ವರ್ಷ. ಪ್ರಬಂಧದ ಭಾಷೆಯೂ ಡಚ್. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಂಶೋಧಕರು ಸ್ವತಂತ್ರವಾಗಿ ಪರೀಕ್ಷಿಸಿ ಇದೇ ಫಲಿತಾಂಶವನ್ನು ಕಂಡರು. 1953ರಲ್ಲಿ ಡಿಕೆ, ವೈಯರ್ಸ್ ಮತ್ತು ವಾನ್ ಡ ಕಾಮರ್ ತಮ್ಮ ಶೋಧನೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಲೋಕಕ್ಕೆ ವಿಷಯ ತಿಳಿಯಿತು.

ಮರುವರ್ಷ, 1954ರಲ್ಲಿ, ಇಂಗ್ಲೆಂಡಿನ ಡಾ. ಪಾಲಿ ಎಂಬವರು ಈ ರೋಗಿಗಳ ಸಣ್ಣ ಕರುಳಿನ ಒಳಪೊರೆ ಕೆಟ್ಟಿರುವುದನ್ನು ವರದಿ ಮಾಡಿದರು. ಆರೋಗ್ಯವಂತರ ಕರುಳಿನೊಳಗೆ ವೆಲ್ವೆಟ್ ಬಟ್ಟೆಯ ಜುಂಗಿನಂತೆ ಸಣ್ಣ ಸಣ್ಣ ಎಳೆಗಳಿರುತ್ತವೆ. ಆಹಾರದ ಸಾರವನ್ನು ಹೀರುವುದು ಅವುಗಳ ಕೆಲಸ. ಸೀಲಿಯಾಕ್ ರೋಗಿಯಲ್ಲಿ ಆ ಎಳೆಗಳು ಸವೆದು ಚಪ್ಪಟೆಯಾಗಿರುತ್ತವೆ. ತಿಂದದ್ದು ಮೈಗೆ ಹತ್ತದಿರುವುದು ಇದರಿಂದಲೇ.

ಕೊನೆಯ ದಿನಗಳು

1957ರಲ್ಲಿ ಡಿಕೆ ಯುಟ್ರೆಕ್ಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿಯೂ ಅಲ್ಲಿನ ವಿಲ್ಹೆಲ್ಮಿನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾಗಿಯೂ ನೇಮಕಗೊಂಡರು. ಆ ಸ್ಥಾನದಲ್ಲಿ ಬಹುಕಾಲ ಇರುವ ಯೋಗ ಅವರಿಗಿರಲಿಲ್ಲ. 1962ರಲ್ಲಿ, 57ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಜಠರ ಮತ್ತು ಕರುಳಿನ ರೋಗಗಳ ತಜ್ಞರ ಡಚ್ ಸಂಘವು ಅವರ ಹೆಸರಿನಲ್ಲಿ ಚಿನ್ನದ ಪದಕವನ್ನು ಸ್ಥಾಪಿಸಿದೆ.

ರಕ್ತವೇ ಸಾಕ್ಷಿ ನುಡಿಯಿತು

ಗ್ಲುಟೆನ್ ಕೆಡುಕು ಮಾಡುತ್ತದೆಂದು ಡಿಕೆ ತೋರಿಸಿದರು. ಹೇಗೆ ಮಾಡುತ್ತದೆಂಬುದು ಅವರ ಕಾಲದ ವಿಜ್ಞಾನಕ್ಕೆ ಪೂರ್ತಿ ನಿಲುಕಲಿಲ್ಲ. ಅದನ್ನು ಬಿಡಿಸಿದವರು ಮುಂದಿನ ಪೀಳಿಗೆಯವರು.

ನಮ್ಮ ಶರೀರದಲ್ಲಿ ರೋಗಾಣುಗಳೊಡನೆ ಹೋರಾಡುವ ಕಾವಲುಪಡೆಯೊಂದಿದೆ. ಕೆಲವರಲ್ಲಿ ಹುಟ್ಟಿನಿಂದಲೇ ಬಂದ ಒಂದು ಗುಣದಿಂದಾಗಿ ಈ ಪಡೆ ಗ್ಲುಟೆನ್ನನ್ನೂ ಶತ್ರುವೆಂದು ಭಾವಿಸುತ್ತದೆ. ಡಿಕ್ಯು 2 ಮತ್ತು ಡಿಕ್ಯು 8 ಎಂದು ಕರೆಯುವ ಈ ವಂಶಗುಣ ನೂರರಲ್ಲಿ 30–40 ಜನರಲ್ಲಿದ್ದರೂ ಅವರಲ್ಲಿ ರೋಗ ಬರುವುದು ಕೆಲವರಿಗೆ ಮಾತ್ರ. ಒಮ್ಮೆ ಬಂದಿತೆಂದರೆ ರಕ್ತದ ಬಿಳಿಕಣಗಳು ಕರುಳಿನ ಪೊರೆಯ ಮೇಲೆಯೇ ದಾಳಿ ಮಾಡುತ್ತವೆ. ಅದರ ಜೊತೆಗೆ ಪ್ರತಿಕಾಯಗಳೆಂಬ ವಸ್ತುಗಳು ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಗೋಧಿಯ ಪ್ರೋಟೀನಿಗೆ ವಿರುದ್ಧವಾದ ಪ್ರತಿಕಾಯಗಳು 1950ರ ದಶಕದ ಕೊನೆಗೇ ಗೊತ್ತಾಗಿದ್ದುವು. 1997ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಇನ್ನೂ ಮುಖ್ಯವಾದುದನ್ನು ಕಂಡುಹಿಡಿದರು. ಈ ರೋಗಿಗಳ ಶರೀರವು ತನ್ನದೇ ಆದ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆಂಬುದೇ ಆ ಶೋಧನೆ. ಇಂದು ರೋಗವನ್ನು ಗುರುತಿಸಲು ಮೊದಲು ಮಾಡುವ ರಕ್ತಪರೀಕ್ಷೆ ಇದನ್ನೇ ಅವಲಂಬಿಸಿದೆ.

ಪಥ್ಯದಿಂದ ಈ ಪ್ರತಿಕಾಯಗಳಿಗೆ ಏನಾಗುತ್ತದೆ? ಗ್ಲುಟೆನ್ ಒಳಗೆ ಹೋಗುವುದು ನಿಂತ ಕೆಲವು ತಿಂಗಳಲ್ಲಿ ಅವು ಇಳಿಯತೊಡಗುತ್ತವೆ. ಬಹು ಮಂದಿಯಲ್ಲಿ ಒಂದೆರಡು ವರ್ಷದೊಳಗೆ ಸಾಮಾನ್ಯ ಮಟ್ಟಕ್ಕೆ ಬರುತ್ತವೆ. ಆರಂಭದಲ್ಲಿ ಬಹಳ ಏರಿದ್ದವರಿಗೆ ಹೆಚ್ಚು ಕಾಲ ಹಿಡಿಯಬಹುದು. ಡಿಕೆ ಬರೆದಿಟ್ಟ ತೂಕದ ಗೆರೆ ಏನನ್ನು ಹೇಳಿತ್ತೋ ಅದನ್ನೇ ಈಗ ರಕ್ತದ ಅಂಕಿಗಳು ಹೇಳುತ್ತಿವೆ. ಪಥ್ಯ ಮಾಡಿದರೂ ಅಂಕಿ ಇಳಿಯದಿದ್ದರೆ ಎಲ್ಲಿಂದಲೋ ಗೋಧಿ ಒಳಸೇರುತ್ತಿದೆಯೆಂದು ವೈದ್ಯರು ಶಂಕಿಸುತ್ತಾರೆ. ಆದರೆ ಒಂದು ಎಚ್ಚರಿಕೆ: ರಕ್ತ ತಿಳಿಯಾದರೆ ಕರುಳೂ ಪೂರ್ತಿ ಮಾಯಿತೆಂದು ಅರ್ಥವಲ್ಲ. ಮಕ್ಕಳಲ್ಲಿ ಅದು ಬೇಗ ಮಾಯುತ್ತದೆ, ದೊಡ್ಡವರಲ್ಲಿ ಹಲವು ವರ್ಷ ಬೇಕಾಗಬಹುದು. ಕಾವಲುಪಡೆಯ ನೆನಪು ಮಾತ್ರ ಅಳಿಯುವುದಿಲ್ಲ. ಮರಳಿ ಗೋಧಿ ತಿಂದರೆ ಪ್ರತಿಕಾಯಗಳು ಮತ್ತೆ ತಲೆಯೆತ್ತುತ್ತವೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್, ಅಂದರೆ ಬ್ರೆಡ್ಡಿನ ಒಂದು ಚೂರಿನಷ್ಟು, ಮೂರು ತಿಂಗಳು ಒಳಹೋದರೂ ಕರುಳಿಗೆ ಹಾನಿಯಾಗಬಲ್ಲದೆಂದು ಪರೀಕ್ಷೆಗಳಿಂದ ತಿಳಿದಿದೆ. ಆದುದರಿಂದ ಈ ಪಥ್ಯ ಜೀವನಪರ್ಯಂತದ್ದು.

ನಾವು ತಿಳಿಯಬೇಕಾದುದು

ಇದು ಬಿಳಿಯರ ರೋಗ, ಅಕ್ಕಿ ಉಣ್ಣುವ ನಮಗೇಕೆ ಇದರ ಗೊಡವೆಯೆಂದು ಕೆಲವರು ಕೇಳಬಹುದು. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಈ ಪ್ರತಿಕಾಯಗಳು ಉತ್ತರ ಭಾರತದವರಲ್ಲಿ ಶೇಕಡಾ 1.23ರಷ್ಟು ಜನರಲ್ಲಿ ಕಂಡುಬಂದರೆ, ದಕ್ಷಿಣದವರಲ್ಲಿ ಶೇಕಡಾ 0.10ರಷ್ಟು ಜನರಲ್ಲಿ ಕಂಡುಬಂದುವು. ರೋಗಕ್ಕೆ ಎಡೆಗೊಡುವ ವಂಶಗುಣ ಮಾತ್ರ ಎರಡೂ ಕಡೆ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿತ್ತು. ಎದ್ದುಕಾಣುವ ಒಂದು ವ್ಯತ್ಯಾಸವೆಂದರೆ ತಿನ್ನುವ ಗೋಧಿಯ ಪ್ರಮಾಣ. ನಮ್ಮ ಕಡೆಯಲ್ಲಿಯೂ ಈಗ ಚಪಾತಿ, ಪರೋಟ, ಬ್ರೆಡ್ಡು, ಬಿಸ್ಕತ್ತುಗಳು ದಿನನಿತ್ಯದ ತಿನಿಸುಗಳಾಗಿವೆ. ಅಪರೂಪವೆಂದು ಇದನ್ನು ಮರೆತುಬಿಡುವಂತಿಲ್ಲ.

ಮಕ್ಕಳಲ್ಲಿ ವಾಸಿಯಾಗದ ಭೇದಿ, ಹೊಟ್ಟೆಯುಬ್ಬರ, ಬೆಳವಣಿಗೆ ಕುಂಠಿತವಾಗುವುದು. ದೊಡ್ಡವರಲ್ಲಿ ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ, ಎಲುಬಿನ ಸವೆತ, ಇವುಗಳ ಹಿಂದೆ ಈ ರೋಗ ಇರಬಹುದು. ಇಂಥ ಲಕ್ಷಣಗಳಿದ್ದರೆ ವೈದ್ಯರನ್ನು ಕಾಣಬೇಕು. ಆದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಡುವುದು ತಪ್ಪು. ಬಿಟ್ಟರೆ ಪ್ರತಿಕಾಯಗಳು ಇಳಿದು ರಕ್ತಪರೀಕ್ಷೆಯಲ್ಲಿ ರೋಗ ಕಾಣದೆ ಹೋಗಬಹುದು. ರೋಗವಿಲ್ಲದವರು ಸುಮ್ಮನೆ ಗೋಧಿ ಬಿಡಬೇಕಾದ ಅಗತ್ಯವೂ ಇಲ್ಲ.

ರೋಗವಿದೆಯೆಂದು ತಿಳಿದವರಿಗೆ ನಮ್ಮ ಅಡುಗೆಮನೆಯೇ ಒಂದು ಭಾಗ್ಯ. ಕುಚ್ಚಿಲಕ್ಕಿ ಗಂಜಿ, ನೀರುದೋಸೆ, ಅಕ್ಕಿಯ ಕಡುಬು, ಅಕ್ಕಿ ಶಾವಿಗೆ, ರಾಗಿ ಅಂಬಲಿ, ಇವೊಂದರಲ್ಲಿಯೂ ಗ್ಲುಟೆನ್ ಇಲ್ಲ. ಎಚ್ಚರವಾಗಿರಬೇಕಾದುದು ಮರೆಯಲ್ಲಿರುವ ಗೋಧಿಯ ಬಗ್ಗೆ. ಸಜ್ಜಿಗೆಯ ರವೆ ಗೋಧಿಯದು. ಗೋಳಿಬಜೆಯ ಮೈದಾವೂ ಗೋಧಿಯದೇ. ಅಂಗಡಿಯಲ್ಲಿ ಸಿಗುವ ಇಂಗಿಗೆ ಅನೇಕ ವೇಳೆ ಗೋಧಿ ಹಿಟ್ಟು ಬೆರೆಸಿರುತ್ತಾರೆ; ಆದುದರಿಂದ ಸಾರಿನ ಒಗ್ಗರಣೆಯಿಂದಲೂ ಅದು ಒಳಸೇರಬಹುದು. ಜ್ವರ ಬಂದವರಿಗೆ ಕೊಡುವ ಬಾರ್ಲಿ ನೀರು, ಮಾಲ್ಟ್ ಸೇರಿದ ಪಾನೀಯಗಳು, ಗೋಧಿ ಬೀಸಿದ ಮಿಲ್ಲಿನಲ್ಲಿಯೇ ಬೀಸಿದ ಅಕ್ಕಿ ಹಿಟ್ಟು, ಇವೂ ಈ ರೋಗಿಗಳಿಗೆ ಆಗದು.

ಮಗುವಿನ ತಾಟಿನಿಂದ ಒಂದು ವಸ್ತುವನ್ನು ತೆಗೆದಿಡುವುದು ಸಣ್ಣ ಕೆಲಸವೆಂದು ತೋರಬಹುದು. ಮದುವೆಮನೆಯಲ್ಲಿ, ಶಾಲೆಯಲ್ಲಿ, ನೆಂಟರ ಮನೆಯಲ್ಲಿ ದಿನವೂ ಅದನ್ನು ಪಾಲಿಸುವ ತಂದೆತಾಯಿಗೆ ಗೊತ್ತು ಅದರ ಕಷ್ಟ. ಆ ಕಷ್ಟಕ್ಕೆ ಫಲವಿದೆಯೆಂದು ಮೊದಲು ಸಾಧಿಸಿ ತೋರಿಸಿದವರು ಡಿಕೆ. ಅವರು ಹೊಸ ಔಷಧವನ್ನು ಕಂಡುಹಿಡಿಯಲಿಲ್ಲ. ಮನೆಯವರ ಮಾತನ್ನು ಲಕ್ಷ್ಯವಿಟ್ಟು ಕೇಳಿದರು, ಕೇಳಿದ್ದನ್ನು ವರ್ಷಗಟ್ಟಲೆ ತೂಗಿ ನೋಡಿದರು. ಇಂದು ಲೋಕದ ಎಲ್ಲೆಡೆಯೂ ಸೀಲಿಯಾಕ್ ಮಕ್ಕಳು ಎಲ್ಲ ಮಕ್ಕಳಂತೆ ಬೆಳೆದು ದೊಡ್ಡವರಾಗುತ್ತಿರುವುದು ಆ ತಾಳ್ಮೆಯ ಫಲ.